ಗುಹೆಯಿಂದ ಎರಡು ಇಂಚಿನವರೆಗೆ: ಬ್ರಿಸಲ್‌ನೋಸ್ ಪ್ಲೆಕೊ ಮರಿ ಮಾಡಿಸಿದ ಅನುಭವ

ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ, ಪಾಚಿ ಕೆರೆದು ತಿನ್ನುವ ಬ್ರಿಸಲ್‌ನೋಸ್ ಪ್ಲೆಕೊ ಮೀನು ಮೊಟ್ಟೆ ಇಡುವಂತೆ ಮಾಡುವುದು ಕಷ್ಟದ ಕೆಲಸವಲ್ಲ. ಬಲಿತ ಗಂಡು, ಬಲಿತ ಹೆಣ್ಣು, ಅಳತೆಗೆ ಸರಿಯಾದ ಒಂದು ಗುಹೆ, ಕೊಳೆಯಿಲ್ಲದ ನೀರು ಇದ್ದರೆ ಅವು ತಾವಾಗಿಯೇ ಸಂಸಾರ ಹೂಡುತ್ತವೆ. ಕಷ್ಟ ಶುರುವಾಗುವುದು ಮರಿಗಳು ಗುಹೆ ಬಿಟ್ಟು ಹೊರಬಂದ ದಿನದಿಂದ. ಎಂಬತ್ತು ಮೊಟ್ಟೆ ಒಡೆದು, ಮರಿಗಳೆಲ್ಲ ಚುರುಕಾಗಿ ಗಾಜಿಗೆ ಅಂಟಿಕೊಂಡು, ತಿಂಗಳು ತುಂಬುವಷ್ಟರಲ್ಲಿ ಹತ್ತೋ ಹನ್ನೆರಡೋ ಉಳಿಯುವುದು ಮೊದಲ ಸಲ ಕೈಹಾಕಿದವರ ಮನೆಯಲ್ಲಿ ತೀರಾ ಸಾಮಾನ್ಯ. ಇದಕ್ಕೆ ಕಾರಣ ಒಂದೇ. ಮರಿಯ ಹೊಟ್ಟೆ ಹಗಲೂ ರಾತ್ರಿ ತುಂಬಿರಬೇಕು, ಆದರೆ ಹಾಗೆ ತುಂಬಿಸಲು ಹಾಕಿದ ಆಹಾರ ನೀರನ್ನು ಕೆಡಿಸಬಾರದು. ಒಂದನ್ನು ಹಿಡಿದರೆ ಇನ್ನೊಂದು ಕೈಜಾರುತ್ತದೆ. ಮುಂದೆ ಬರೆದಿರುವುದೆಲ್ಲ ಈ ಎರಡನ್ನೂ ಒಟ್ಟಿಗೆ ಹಿಡಿಯುವ ದಾರಿಯ ಬಗ್ಗೆಯೇ.

ಮೊದಲು ಮೀನು ಯಾವುದೆಂದು ಖಚಿತವಾಗಬೇಕು. ಬ್ರಿಸಲ್‌ನೋಸ್ ಎಂದರೆ ದಕ್ಷಿಣ ಅಮೆರಿಕದ ಆನ್ಸಿಸ್ಟ್ರಸ್ ಕುಲದ ಮೀನು. ಪೂರ್ತಿ ಬೆಳೆದರೂ 10ರಿಂದ 13 ಸೆಂ.ಮೀ. ಅಷ್ಟೆ. ಕಾಮನ್ ಪ್ಲೆಕೊ ಎಂದು ಮಾರುವುದು ಟೆರಿಗೊಪ್ಲಿಕ್ತಿಸ್ ಎಂಬ ಬೇರೆಯೇ ಕುಲ. ಅದು 30 ಸೆಂ.ಮೀ. ದಾಟಿ ಬೆಳೆಯುತ್ತದೆ, ಮಣ್ಣಿನ ದಡದಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತದೆ, ಮನೆಯ ಗಾಜಿನ ತೊಟ್ಟಿಯಲ್ಲಿ ಅದರಿಂದ ಮರಿ ನಿರೀಕ್ಷಿಸುವಂತಿಲ್ಲ. ಚಿಕ್ಕದಿದ್ದಾಗ ಎರಡೂ ಒಂದೇ ಥರ ಕಾಣುವುದರಿಂದ ಬೆನ್ನಿನ ರೆಕ್ಕೆಯ ಕಡ್ಡಿಗಳನ್ನು ಎಣಿಸಿ ನೋಡಬೇಕು. ಬ್ರಿಸಲ್‌ನೋಸ್‌ಗೆ ಏಳೆಂಟು ಕಡ್ಡಿ, ಕಾಮನ್ ಪ್ಲೆಕೊಗೆ ಹತ್ತು ಅಥವಾ ಹೆಚ್ಚು.

ಜೋಡಿ ಎಂದು ಹೇಳಿ ಕೊಟ್ಟ ಎರಡು ಮೀನು ತರುವುದಕ್ಕಿಂತ 4 ಸೆಂ.ಮೀ. ಆಸುಪಾಸಿನ ಆರು ಮರಿ ತಂದು ಬೆಳೆಸುವುದು ಒಳ್ಳೆಯದು. ಸಾಧ್ಯವಾದರೆ ಮೂರು ಒಂದು ಕಡೆಯಿಂದ, ಮೂರು ಇನ್ನೊಂದು ಕಡೆಯಿಂದ ತಂದರೆ ಒಡಹುಟ್ಟಿದವೇ ಕೂಡುವುದು ತಪ್ಪುತ್ತದೆ. ಆರಿಸುವಾಗ ಮೀನು ಗಾಜಿಗೆ ಅಂಟಿಕೊಳ್ಳುವವರೆಗೂ ಕಾದು ಹೊಟ್ಟೆ ನೋಡಬೇಕು. ಒಳಕ್ಕೆ ಗುಳಿಬಿದ್ದ ಹೊಟ್ಟೆ, ಒಳಸೇರಿದ ಕಣ್ಣು ಇದ್ದರೆ ಆ ಮೀನು ಬಹಳ ದಿನದಿಂದ ಉಪವಾಸವಿದೆ ಎಂದರ್ಥ, ಅದು ಚೇತರಿಸಿಕೊಳ್ಳುವುದು ಅಪರೂಪ. ತಂದ ಮೇಲೆ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿಕೊಂಡ ಮೇಲೇ ಇತರ ಮೀನುಗಳ ಜೊತೆ ಬಿಡಬೇಕು.

ಸುಮಾರು ಐದಾರು ತಿಂಗಳಿಗೆ, 5 ಸೆಂ.ಮೀ. ದಾಟುತ್ತಿದ್ದಂತೆ ಗಂಡಿನ ಮೂತಿಯ ಮೇಲೆ ಮೀಸೆ ಚಿಗುರುತ್ತದೆ. ಅಂಚಿನಲ್ಲಿ ಒಂದು ಸಾಲು, ಮೂಗಿನ ನಡುವಿನಿಂದ ಹಣೆಯತ್ತ ಏರುವ ಇನ್ನೊಂದು ಸಾಲು, ಅದರ ತುದಿಗಳು ಕೊಂಬೆಯ ಹಾಗೆ ಕವಲೊಡೆದಿರುತ್ತವೆ. ಹೆಣ್ಣಿಗೆ ಮೀಸೆ ಇರುವುದೇ ಇಲ್ಲ, ಇದ್ದರೂ ತುಟಿಯ ಅಂಚಿನಲ್ಲಿ ಗಿಡ್ಡ ಕೂದಲಿನಂತೆ ಒಂದೇ ಸಾಲು. ಆ ಗಿಡ್ಡ ಸಾಲನ್ನು ಕಂಡು ಹೆಣ್ಣನ್ನೇ ಎಳೆಯ ಗಂಡೆಂದು ತಿಳಿದು, ಎರಡು ಹೆಣ್ಣುಗಳನ್ನು ಒಟ್ಟಿಗೆ ಇಟ್ಟು ವರ್ಷಗಟ್ಟಲೆ ಕಾಯುವುದುಂಟು. ಹಣೆಯ ಮೇಲಕ್ಕೆ ಏರಿದ ಮೀಸೆಯನ್ನು ಕಾಣುವವರೆಗೆ ಗಂಡೆಂದು ತೀರ್ಮಾನಿಸಬಾರದು. ಮೊಟ್ಟೆ ತುಂಬಿದ ಹೆಣ್ಣನ್ನು ಮೇಲಿನಿಂದ ನೋಡಿದರೆ ಎದೆಯ ರೆಕ್ಕೆಗಳ ಹಿಂದೆ ಎರಡೂ ಪಕ್ಕ ಉಬ್ಬಿರುತ್ತದೆ, ಕೆಲವು ಬಾರಿ ಹೊಟ್ಟೆಯ ಚರ್ಮದೊಳಗಿಂದ ಕಿತ್ತಳೆ ಬಣ್ಣವೇ ಕಾಣುತ್ತದೆ. ಮೊಟ್ಟೆಗೆ ಸಿದ್ಧವಾಗುವುದು 7 ಸೆಂ.ಮೀ. ದಾಟಿದ ಮೇಲೆ, ಎಂಟು ತಿಂಗಳಿಂದ ಒಂದು ವರ್ಷದ ವಯಸ್ಸಿಗೆ.

ಒಂದು ಗಂಡು, ಎರಡು ಹೆಣ್ಣು ಎಂಬುದು ನಮಗೆ ಸರಿಬಂದ ಲೆಕ್ಕ. ಸಣ್ಣ ತೊಟ್ಟಿಯಲ್ಲಿ ಎರಡು ಗಂಡು ಬೇಡ. ಅವುಗಳ ಕೆನ್ನೆಯಲ್ಲಿ ಬೇಕಾದಾಗ ಹೊರಚಾಚುವ ಮುಳ್ಳುಗಳಿವೆ, ಗುಹೆಗಾಗಿ ಕಾದಾಡುವಾಗ ರೆಕ್ಕೆ ಹರಿದು ಕಣ್ಣಿಗೂ ಗಾಯವಾಗುತ್ತದೆ.

ತೊಟ್ಟಿ ಮತ್ತು ಗುಹೆ

ಈ ಮೂರು ಮೀನಿಗೆ 75 ಸೆಂ.ಮೀ. ಉದ್ದ, 30 ಅಗಲ, 36 ಎತ್ತರದ ತೊಟ್ಟಿ, ಅಂದರೆ ಸುಮಾರು 80 ಲೀಟರ್, ಸಾಕು. ಎತ್ತರಕ್ಕಿಂತ ನೆಲದ ವಿಸ್ತಾರ ಮುಖ್ಯ. ಅಡಿಯಲ್ಲಿ 1 ಸೆಂ.ಮೀ. ತೆಳ್ಳಗೆ ನುಣುಪು ಮರಳು ಹಾಕಬಹುದು, ಏನೂ ಹಾಕದೆಯೂ ಬಿಡಬಹುದು. ದಪ್ಪ ಜಲ್ಲಿ ಮಾತ್ರ ಬೇಡ, ಈ ಮೀನು ಹಾಕುವ ಉದ್ದುದ್ದ ಹಿಕ್ಕೆ ಜಲ್ಲಿಯ ಸಂದಿಗಿಳಿದು ಅಲ್ಲೇ ಕೊಳೆಯುತ್ತದೆ. ಒಂದು ದೊಡ್ಡ ಫಿಲ್ಟರ್ ಬದಲು ಎರಡು ಸ್ಪಂಜ್ ಫಿಲ್ಟರ್ ಇಡಿ. ಒಂದನ್ನು ಹಿಂಡಿ ತೊಳೆದ ವಾರ ಇನ್ನೊಂದನ್ನು ಮುಟ್ಟದಿದ್ದರೆ ಹಿಕ್ಕೆ, ಕೊಳೆತ ಆಹಾರದಿಂದ ಹುಟ್ಟುವ ಅಮೋನಿಯಾ ಎಂಬ ವಿಷವನ್ನು ತಿನ್ನುವ ಬ್ಯಾಕ್ಟೀರಿಯಾ ಉಳಿದುಕೊಳ್ಳುತ್ತದೆ. ಮುಂದೆ ಮರಿಗಳ ತೊಟ್ಟಿಗೆ ಬೇಕಾಗುವ ಪಳಗಿದ ಸ್ಪಂಜ್ ಕೂಡ ಇಲ್ಲಿಂದಲೇ ಸಿಗುತ್ತದೆ. ಒಂದು ತುಂಡು ಡ್ರಿಫ್ಟ್‌ವುಡ್, ಅಂದರೆ ನೀರಿನಲ್ಲಿ ನೆನೆದು ಪಳಗಿದ ಮರ, ಇರಲಿ. ಅದರ ಮೇಲೆ ಬೆಳೆಯುವ ಲೋಳೆಪದರವನ್ನು ಇವು ಬಿಡದೆ ಕೆರೆಯುತ್ತಿರುತ್ತವೆ.

ನೀರಿನ ಉಷ್ಣತೆ 25ರಿಂದ 27 ಡಿಗ್ರಿ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 6.5ರಿಂದ 7.5. ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆ, ಕೊನೆಗೆ ಉಳಿಯುವ ನೈಟ್ರೇಟ್ 20 ಪಿಪಿಎಂ (ಲೀಟರಿಗೆ 20 ಮಿ.ಗ್ರಾಂ) ದಾಟಬಾರದು. ಪಿಎಚ್ ಸ್ವಲ್ಪ ಅತ್ತಿತ್ತಾದರೂ ಈ ಮೀನು ಹೊಂದಿಕೊಳ್ಳುತ್ತದೆ, ಅದನ್ನು ಸರಿಪಡಿಸಲೆಂದು ದಿನಕ್ಕೊಂದು ದ್ರಾವಣ ಸುರಿಯುವುದರಿಂದಲೇ ಹೆಚ್ಚು ಹಾನಿ.

ಗುಹೆಯ ಅಳತೆಯಲ್ಲಿ ರಾಜಿ ಮಾಡಿಕೊಳ್ಳಬಾರದು. ಒಳಗಿನ ಉದ್ದ 12ರಿಂದ 15 ಸೆಂ.ಮೀ., ಅಗಲ 4.5ರಿಂದ 5, ಎತ್ತರ ಸುಮಾರು 4 ಸೆಂ.ಮೀ. ಒಂದು ತುದಿ ಪೂರ್ತಿ ಮುಚ್ಚಿರಬೇಕು. ಗಂಡು ಒಳಗೆ ಹೊಕ್ಕಾಗ ಅದರ ರೆಕ್ಕೆಗಳು ಎರಡೂ ಗೋಡೆಗೆ ತಾಗಬೇಕು. ಇಕ್ಕಟ್ಟಾಯಿತೇನೋ ಎಂದು ನಮಗೆ ಅನ್ನಿಸುವ ಅಳತೆಯೇ ಅದಕ್ಕೆ ಹಿತ. ಗುಹೆ ಅಗಲವಾದರೆ ಗಂಡಿಗೆ ಹೆಣ್ಣನ್ನು ಒಳಗೆ ತಡೆದು ನಿಲ್ಲಿಸಲಾಗುವುದಿಲ್ಲ. ಅದು ಬಾಲ, ರೆಕ್ಕೆ ಬೀಸಿ ಎಬ್ಬಿಸುವ ನೀರಿನ ಹರಿವೂ ಮೊಟ್ಟೆಗಳಿಗೆ ತಲುಪದೆ ಚದುರಿಹೋಗುತ್ತದೆ. ಒಡೆದ ಹೂಕುಂಡ, ತೆಂಗಿನ ಚಿಪ್ಪು ಮೊದಲಾದವುಗಳಲ್ಲೂ ಮೊಟ್ಟೆ ಇಡುವುದುಂಟು, ಆದರೆ ಮೊಟ್ಟೆ ಹೊರಗುರುಳುವುದು ಅಲ್ಲೇ ಹೆಚ್ಚು. ಸುಟ್ಟ ಮಣ್ಣಿನ ಗುಹೆ ಎಲ್ಲಕ್ಕಿಂತ ಉತ್ತಮ, ಬಣ್ಣ ಬಳಿಯದ್ದು, ಹೊಳಪು ಕೊಡದ್ದು ಇರಬೇಕು. ಇಲ್ಲದಿದ್ದರೆ 50 ಮಿ.ಮೀ. ಪಿವಿಸಿ ಪೈಪನ್ನು 14 ಸೆಂ.ಮೀ.ಗೆ ಕತ್ತರಿಸಿ, ಒಂದು ಬದಿಗೆ ಮುಚ್ಚಳ ಹಾಕಿ, ಒಳಮೈಯನ್ನು ಉಪ್ಪುಕಾಗದದಿಂದ ಚೆನ್ನಾಗಿ ಉಜ್ಜಿ ಒರಟು ಮಾಡಿ. ನುಣುಪಾದ ಪೈಪಿನಲ್ಲಿ ಗೊಂಚಲು ಅಂಟಿಕೊಳ್ಳದೆ ಜಾರುತ್ತದೆ.

ಒಂದು ಗಂಡಿಗೆ ಎರಡು ಗುಹೆ ಇಡಿ, ತನಗೆ ಬೇಕಾದದ್ದನ್ನು ಅದೇ ಆರಿಸಿಕೊಳ್ಳಲಿ. ಗುಹೆಯ ಬಾಯಿ ನಿಮ್ಮ ಕಡೆಯ ಗಾಜಿನತ್ತ ಓರೆಯಾಗಿ ತಿರುಗಿರಲಿ, ಒಳಗೇನಿದೆ ಎಂದು ನೋಡಲು ಮುಂದೆ ಅದನ್ನು ಎತ್ತಬೇಕಾಗುವುದಿಲ್ಲ. ಹಿಂಬದಿ ತುಸು ತಗ್ಗಾಗಿ, ಬಾಯಿ ತುಸು ಮೇಲಾಗಿ ಕೂತರೆ ಮೊಟ್ಟೆಗಳು ಒಳಗೇ ಉಳಿಯುತ್ತವೆ. ಫಿಲ್ಟರಿನ ನೀರು ಗುಹೆಯ ಬಾಯಿಗೆ ನೇರವಾಗಿ ಬಡಿಯದೆ ಪಕ್ಕದಲ್ಲಿ ಹಾದುಹೋಗುವಂತೆ ಇರಲಿ.

ಮೊಟ್ಟೆಗೆ ಅಣಿಗೊಳಿಸುವುದು

ಮೂರು ನಾಲ್ಕು ವಾರ ಚೆನ್ನಾಗಿ ತಿನ್ನಿಸಬೇಕು. ಇವು ರಾತ್ರಿ ಮೇಯುವ ಮೀನು, ಹಾಗಾಗಿ ದೀಪ ಆರಿಸುವ ಹೊತ್ತಿಗೆ ಆಹಾರ ಹಾಕಿ. ದಿನವೂ ಒಂದು ತರಕಾರಿ: ಸೌತೆ, ಜುಕಿನಿ, ಸಿಹಿಗುಂಬಳ, ಪಾಲಕ್ ಎಲೆ. ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಹಾಕಿ ತೆಗೆದರೆ ಮೆತ್ತಗಾಗಿ ಮುಳುಗುತ್ತದೆ. ಸ್ಟೀಲ್ ಚಮಚ ಚುಚ್ಚಿ ತಳಕ್ಕೆ ಇಳಿಬಿಡಿ. 12 ಗಂಟೆಯ ಮೇಲೆ ಉಳಿದದ್ದನ್ನು ತೆಗೆದುಬಿಡಿ, ಮೆತ್ತಗಾದ ಸಿಹಿಗುಂಬಳ 24 ಗಂಟೆ ಉಳಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಸ್ಪಿರುಲಿನಾ ಎಂಬ ಪಾಚಿ ಇರುವ ಬಿಲ್ಲೆ ದಿನ ಬಿಟ್ಟು ದಿನ. ಹೆಣ್ಣು ಮೊಟ್ಟೆ ಕಟ್ಟಲು ಪ್ರೋಟೀನ್ ಬೇಕು, ಅದಕ್ಕಾಗಿ ವಾರಕ್ಕೆರಡು ಸಲ ಹೆಪ್ಪುಗಟ್ಟಿಸಿದ ಬ್ಲಡ್‌ವರ್ಮ್ ಎಂಬ ಕೆಂಪು ಹುಳು ಅಥವಾ ಬ್ರೈನ್ ಶ್ರಿಂಪ್ ಎಂಬ ಸೀಗಡಿಯಂಥ ಪುಟ್ಟ ಜೀವಿ. ಅದಕ್ಕಿಂತ ಹೆಚ್ಚು ಬೇಡ. ಇವುಗಳ ಕರುಳು ಉದ್ದ, ಪಾಚಿ ಅರಗಿಸಲು ಆದದ್ದು, ಬರೀ ಮಾಂಸಾಹಾರ ಬಿದ್ದರೆ ಹೊಟ್ಟೆ ಉಬ್ಬುತ್ತದೆ.

ಹೆಣ್ಣಿನ ಹೊಟ್ಟೆ ಉಬ್ಬಿ, ಗಂಡು ಒಂದು ಗುಹೆಯನ್ನು ಹಿಡಿದು ಅದರ ಒಳಗೋಡೆಯನ್ನು ಬಾಯಿಂದ ಕೆರೆಯಲು ಶುರುಮಾಡಿದ ಮೇಲೆ ಮಳೆಗಾಲವನ್ನು ನಟಿಸಬೇಕು. ಅಂದರೆ ತೊಟ್ಟಿಯ ನೀರಿನಲ್ಲಿ ನೂರಕ್ಕೆ 40ರಿಂದ 50 ಭಾಗ ತೆಗೆದು, 3ರಿಂದ 4 ಡಿಗ್ರಿ ತಂಪಾದ, ಕ್ಲೋರಿನ್ ಹೋಗಲಾಡಿಸಿದ ಹೊಸ ನೀರನ್ನು ಅರ್ಧ ಗಂಟೆ ಹಿಡಿದು ನಿಧಾನವಾಗಿ ಸುರಿಯುವುದು. 27ರಲ್ಲಿದ್ದ ನೀರು ಹೀಗೆ 25ಕ್ಕೆ ಇಳಿಯುತ್ತದೆ. ಹೀಟರ್ ಅದನ್ನು ಮತ್ತೆ ನಿಧಾನಕ್ಕೆ ಏರಿಸಲಿ. ಎರಡು ದಿನ ಬಿಟ್ಟು ಇನ್ನೊಮ್ಮೆ ಮಾಡಿ. ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಸಲದ ಮರುದಿನ ಹೆಣ್ಣು ಗುಹೆಯ ಬಾಯಲ್ಲಿ ಸುಳಿಯುತ್ತಿರುತ್ತದೆ. ಮೂರು ಸಲಕ್ಕೂ ಏನೂ ಆಗದಿದ್ದರೆ ತಂಪು ನೀರು ಸುರಿಯುತ್ತಲೇ ಇರುವುದರಿಂದ ಪ್ರಯೋಜನವಿಲ್ಲ. ಹೆಚ್ಚಿನ ಸಲ ಹೆಣ್ಣು ಇನ್ನೂ ಬಲಿತಿರುವುದಿಲ್ಲ, ಇಲ್ಲವೇ ಗುಹೆ ದೊಡ್ಡದಾಗಿರುತ್ತದೆ.

ಮೊಟ್ಟೆಯಿಂದ ಗುಹೆ ಬಿಡುವವರೆಗೆ

ಹೆಣ್ಣು ಗುಹೆಯೊಳಗೆ ಹೋಗುತ್ತದೆ, ಗಂಡು ಅದರ ಹಿಂದೆ ಬಂದು ಬಾಯಿಗೆ ಅಡ್ಡ ನಿಲ್ಲುತ್ತದೆ. ಕೆಲವೊಮ್ಮೆ ಒಂದು ರಾತ್ರಿ, ಕೆಲವೊಮ್ಮೆ ಎರಡು ಮೂರು ದಿನ ಹೆಣ್ಣು ಹೀಗೆ ಒಳಗೇ ಇರುತ್ತದೆ. ಸಿಕ್ಕಿಹಾಕಿಕೊಂಡಿದೆ ಎಂದು ಗಾಬರಿಯಾಗಿ ಗುಹೆ ಎತ್ತಬೇಡಿ, ಅಲ್ಲಿಗೆ ಆ ಸಲದ ಮೊಟ್ಟೆ ಮುಗಿದಂತೆ. ಮೊಟ್ಟೆ ಇಟ್ಟ ಮೇಲೆ ಹೆಣ್ಣು ಹೊರಬಂದು ಮೊದಲಿನಂತೆ ಮೇಯತೊಡಗುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಗಂಡು ಮಾತ್ರ ಗುಹೆಯೊಳಗೆ ಕೂತು ಬಾಲ, ರೆಕ್ಕೆ ಬೀಸುತ್ತಲೇ ಇರುತ್ತದೆ.

ಮೊಟ್ಟೆ ಕಿತ್ತಳೆ ಬಣ್ಣದ್ದು, ಸುಮಾರು 3 ಮಿ.ಮೀ. ಗಾತ್ರದ್ದು, ಒಂದಕ್ಕೊಂದು ಅಂಟಿ ಗೊಂಚಲಾಗಿರುತ್ತದೆ. ಮೊದಲ ಸಲದ ಹೆಣ್ಣು 20ರಿಂದ 40, ಬಲಿತದ್ದು 60ರಿಂದ 100 ಇಡುತ್ತದೆ. ಫಲಿಸದ ಮೊಟ್ಟೆ ಒಂದೆರಡು ದಿನದಲ್ಲಿ ಬೆಳ್ಳಗಾಗುತ್ತದೆ, ಗಂಡು ಅವನ್ನು ಆರಿಸಿ ತೆಗೆಯುತ್ತದೆ. ಈ ದಿನಗಳಲ್ಲಿ ಗಂಡು ಹೆಚ್ಚುಕಡಿಮೆ ಉಪವಾಸವೇ ಇರುತ್ತದೆ. ಅದಕ್ಕೆಂದು ಗುಹೆಯ ಬಾಯಿಗೆ ಆಹಾರ ಒಯ್ದಿಟ್ಟರೆ ಹೆಣ್ಣುಗಳು ಅಲ್ಲಿಗೆ ಮುತ್ತಿಕೊಂಡು ಕಾವಲಿಗೆ ತೊಂದರೆ ಕೊಡುತ್ತವೆ. ಆಹಾರವನ್ನು ತೊಟ್ಟಿಯ ಇನ್ನೊಂದು ಮೂಲೆಗೇ ಹಾಕಿ.

26, 27 ಡಿಗ್ರಿಯಲ್ಲಿ ಐದನೆಯ ದಿನದ ಸುಮಾರಿಗೆ ಮೊಟ್ಟೆ ಒಡೆಯುತ್ತದೆ, 24ರಲ್ಲಾದರೆ ಇನ್ನೂ ಎರಡು ಮೂರು ದಿನ ಬೇಕು. ಆಗ ಕಾಣುವುದು ಮೀನಿಗಿಂತ ಹೆಚ್ಚಾಗಿ ಬಾಲ ಕಟ್ಟಿದ ಕಿತ್ತಳೆ ಮಣಿ. ಹೊಟ್ಟೆಗೆ ಅಂಟಿದ ಆ ಹಳದಿ ಚೀಲವೇ ಮುಂದಿನ ಐದಾರು ದಿನದ ಬುತ್ತಿ. ಮರಿಗಳು ಬಾಯಿಂದ ಗುಹೆಯ ಗೋಡೆ ಕಚ್ಚಿ ನೇತಾಡುತ್ತವೆ, ಗಂಡು ಆಗಲೂ ಬೀಸುವುದನ್ನು ಬಿಡುವುದಿಲ್ಲ. ಮೊಟ್ಟೆ ಇಟ್ಟ ದಿನದಿಂದ ಹತ್ತರಿಂದ ಹದಿನಾಲ್ಕು ದಿನದೊಳಗೆ ಹಳದಿ ಕರಗಿ, ಮರಿ ಕಂದು ಬಣ್ಣಕ್ಕೆ ತಿರುಗಿ, ಸೆಂಟಿಮೀಟರ್ ಉದ್ದದ ಪುಟ್ಟ ಪ್ಲೆಕೊ ಆಗಿ ಹೊರಬರುತ್ತದೆ.

ಗಂಡಿನ ಮೀಸೆಗೂ ಈ ಮರಿಗಳಿಗೂ ಸಂಬಂಧವಿರಬಹುದು ಎಂಬ ಊಹೆಯೊಂದನ್ನು ಸಬಾಜ್, ಆರ್ಮ್‌ಬ್ರಸ್ಟರ್ ಮತ್ತು ಪೇಜ್ ಎಂಬ ಮೀನುತಜ್ಞರು 1999ರಲ್ಲಿ ಮುಂದಿಟ್ಟರು. ಮೂತಿಯ ಮೇಲೆ ಅಲುಗುವ ಮೀಸೆ, ಗುಹೆಯಲ್ಲಿ ಅಲುಗುವ ಮರಿಗಳನ್ನು ಹೋಲುತ್ತದೆ, ಮರಿ ಸಾಕುವುದು ಗೊತ್ತಿರುವ ಗಂಡೆಂದು ನಂಬಿ ಹೆಣ್ಣು ಒಲಿಯುತ್ತದೆ ಎಂಬುದು ಅವರ ಮಾತು. ಮನೆಯ ತೊಟ್ಟಿಯಲ್ಲಿ ಇದನ್ನು ನೆನಪಿಡಲು ಕಾರಣವಿದೆ. ಗಂಡು ಮೊಟ್ಟೆ ಕಾಯುತ್ತಿರುವಾಗಲೇ ಎರಡನೆಯ ಹೆಣ್ಣು ಒಳನುಗ್ಗಲು ನೋಡುತ್ತದೆ. ಆ ತಳ್ಳಾಟದಲ್ಲಿ ಮೊದಲ ಗೊಂಚಲು ಹೊರಗೆ ಬೀಳುವುದು ಮೊಟ್ಟೆ ಕಳೆದುಕೊಳ್ಳುವ ಮುಖ್ಯ ಕಾರಣಗಳಲ್ಲೊಂದು. ಮೊಟ್ಟೆ ಕಂಡ ಕೂಡಲೆ ಹೊಟ್ಟೆ ತುಂಬಿದ ಇನ್ನೊಂದು ಹೆಣ್ಣನ್ನು ಬೇರೆಡೆಗೆ ಸಾಗಿಸಿಬಿಡಿ.

ಮೊಟ್ಟೆ ಹೊರಬಿದ್ದರೆ

ಬೇರೆ ಕಾರಣಗಳೂ ಇವೆ. ಹೊಸ ಗಂಡು ಮೊದಲ ಒಂದೆರಡು ಗೊಂಚಲನ್ನು ತಾನೇ ಹೊರಹಾಕುವುದುಂಟು, ಕಲಿಯಲು ಅದಕ್ಕೂ ಸಮಯ ಬೇಕು. ಪದೇ ಪದೇ ಟಾರ್ಚ್ ಹಾಕಿ ನೋಡುವುದು, ತೊಟ್ಟಿಯ ಪಕ್ಕದಲ್ಲಿ ಬಾಗಿಲು ದಢಾರನೆ ಮುಚ್ಚುವುದು, ಕಾವಲಿನ ನಡುವೆ ತಂಪು ನೀರು ಸುರಿಯುವುದು, ಯಾವುದಾದರೂ ಸಾಕು. ಕಾವಲಿನ ಹತ್ತು ದಿನ ನೀರು ಬದಲಿಸುವುದನ್ನು 15 ಭಾಗಕ್ಕೆ ಇಳಿಸಿ, ಅದೇ ಉಷ್ಣತೆಯ ನೀರನ್ನೇ ಹಾಕಿ.

ಹೊರಬಿದ್ದ ಗೊಂಚಲನ್ನು ಮತ್ತೆ ಗುಹೆಗೆ ತಳ್ಳಿದರೆ ಒಮ್ಮೊಮ್ಮೆ ಗಂಡು ಒಪ್ಪಿಕೊಳ್ಳುತ್ತದೆ, ಹೆಚ್ಚಿನ ಸಲ ಇಲ್ಲ. ಗಂಟೆಯೊಳಗೆ ಮತ್ತೆ ಹೊರಗೆ ಕಂಡರೆ ಕಾಯದೆ ಬೇರೆ ಮಾಡಿ. ನೀರಿನೊಳಗೇ ಲೋಟದಲ್ಲಿ ಹಿಡಿದು, ಅದೇ ತೊಟ್ಟಿಯ ನೀರಿರುವ ಎರಡು ಲೀಟರಿನ ಡಬ್ಬಿಗೆ ಬಿಡಿ. ಏರ್‌ಸ್ಟೋನಿನ ಗುಳ್ಳೆಗಳು ಗೊಂಚಲಿನ ಪಕ್ಕದಲ್ಲಿ ಏಳಬೇಕು, ಗೊಂಚಲು ಸಣ್ಣಗೆ ನಡುಗುತ್ತಿರಬೇಕು. ಗುಳ್ಳೆಯ ಮೇಲೆಯೇ ಕೂತು ಎಗರುತ್ತಿದ್ದರೆ ಮೊಟ್ಟೆಯ ಸಿಪ್ಪೆ ಹರಿಯುತ್ತದೆ. ಸುಮ್ಮನೆ ತಳದಲ್ಲಿ ಬಿದ್ದಿದ್ದರೆ ಗೊಂಚಲಿನ ನಡುವಿನ ಮೊಟ್ಟೆಗಳಿಗೆ ಆಮ್ಲಜನಕ ಸಿಗದೆ ಮೊದಲು ಸಾಯುವುದು ಅವೇ. ಹಾಗೆ ಸತ್ತ ಮೊಟ್ಟೆಯ ಮೇಲೆ ಹತ್ತಿಯಂಥ ಬೂಷ್ಟು ಬೆಳೆದು ಪಕ್ಕದ ಜೀವಂತ ಮೊಟ್ಟೆಗೆ ಹಬ್ಬುತ್ತದೆ. ಆದ್ದರಿಂದ ಬೆಳ್ಳಗಾದದ್ದನ್ನು ದಿನಕ್ಕೆರಡು ಸಲ ಪಿಪೆಟ್ಟಿನಿಂದ ಬಿಡಿಸಿ ತೆಗೆಯಬೇಕು. ಡಬ್ಬಿಯ ನೀರು ತಿಳಿನೀಲಿ ಆಗುವಷ್ಟು ಬೂಷ್ಟು ತಡೆಯುವ ಮಿಥಿಲೀನ್ ಬ್ಲೂ ಹಾಕಿ, ದಿನವೂ ಅರ್ಧ ನೀರು ಬದಲಿಸಿ. ಈ ಔಷಧಿಯ ನೀರು ದೊಡ್ಡ ತೊಟ್ಟಿಗೆ ಹೋಗಬಾರದು, ಫಿಲ್ಟರಿನ ಬ್ಯಾಕ್ಟೀರಿಯಾ ಸಾಯುತ್ತದೆ. ಮರಿ ಒಡೆದ ಕೂಡಲೆ ಔಷಧಿ ನಿಲ್ಲಿಸಿ ನೀರು ತಿಳಿಯಾಗಿಸಿ. ಹೀಗೆ ಕೈಯಾರೆ ಕಾಪಾಡಿದರೂ ಗಂಡಿನಷ್ಟು ಚೆನ್ನಾಗಿ ನಮ್ಮಿಂದ ಆಗುವುದಿಲ್ಲ. ಗಂಡು ಕಾಯುತ್ತಿರುವ ಗೊಂಚಲನ್ನು ಮುನ್ನೆಚ್ಚರಿಕೆಯೆಂದು ಕಿತ್ತು ತರುವ ಅಭ್ಯಾಸ ಸರಿಯಲ್ಲ.

ಮರಿಗಳನ್ನು ಬೇರೆ ಮಾಡುವುದು

ಅಪ್ಪ ಅಮ್ಮ ಮರಿ ತಿನ್ನುವುದಿಲ್ಲ, ತೊಟ್ಟಿಯಲ್ಲಿ ಬೇರೆ ಮೀನಿಲ್ಲದಿದ್ದರೆ ಅಲ್ಲೇ ಬಿಡಬಹುದು. ಆದರೆ 80 ಲೀಟರಿನ ತೊಟ್ಟಿಯಲ್ಲಿ ಚದುರಿದ ಎಂಬತ್ತು ಮರಿಗೆ ಆಹಾರ ಸಾಲುವಂತೆ ಹಾಕಲು ಹೋದರೆ ನೀರು ಕೆಡುತ್ತದೆ, ನೀರು ಕೆಡಬಾರದೆಂದು ಕಡಿಮೆ ಹಾಕಿದರೆ ಮರಿ ಸಾಯುತ್ತದೆ. ಹೊರಬಂದ ಮರಿ ಆಹಾರ ಹುಡುಕಿಕೊಂಡು ದೂರ ಹೋಗುವುದಿಲ್ಲ, ಅಂಟಿಕೊಂಡ ಜಾಗದ ಸುತ್ತ ನಾಲ್ಕು ಬೆರಳಗಲ ಮೇಯುತ್ತದೆ ಅಷ್ಟೆ. ಹಾಗಾಗಿ ಮೊದಲ ಮೂರು ವಾರ ಮರಿಗಳು ಇಕ್ಕಟ್ಟಾದ ಜಾಗದಲ್ಲಿ, ಆದರೆ ದೊಡ್ಡ ತೊಟ್ಟಿಯ ನೀರಿನಲ್ಲಿ ಇರಬೇಕು. ಗಾಜಿನ ಹೊರಬದಿಗೆ ನೇತುಹಾಕುವ 2ರಿಂದ 4 ಲೀಟರಿನ ಮರಿಪೆಟ್ಟಿಗೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಏರ್ ಪಂಪ್ ಗುಳ್ಳೆಯೊಂದಿಗೆ ತೊಟ್ಟಿಯ ನೀರನ್ನು ಪೆಟ್ಟಿಗೆಗೆ ಎತ್ತುತ್ತದೆ, ಹೆಚ್ಚಾದದ್ದು ಜಾಲರಿಯ ಮೂಲಕ ಹಿಂದಕ್ಕೆ ಬೀಳುತ್ತದೆ. ಐವತ್ತು ಮರಿಗೆ ಇಂಥ ಒಂದು ಪೆಟ್ಟಿಗೆ.

ಸಾಗಿಸಲು ಸರಿಯಾದ ಹೊತ್ತು ಹಳದಿ ಚೀಲ ಇನ್ನೂ ತುಸು ಉಳಿದಿರುವಾಗ, ಅಂದರೆ ಹತ್ತನೆಯ ದಿನದ ಹತ್ತಿರ. ಗುಹೆಯ ಬಾಯಿಯನ್ನು ಅಂಗೈಯಿಂದ ಮುಚ್ಚಿ, ನೀರಿನೊಳಗೇ ಒಂದು ಡಬ್ಬಿಗೆ ಸೇರಿಸಿ, ಡಬ್ಬಿ ಸಮೇತ ಎತ್ತಿ. ಬಾಯಿ ಕೆಳಗೆ ಮಾಡಿ ನಿಧಾನವಾಗಿ ಮುಳುಗಿಸಿ ಎತ್ತುತ್ತಿದ್ದರೆ ಮೊದಲು ಗಂಡು ಜಾರಿ ಹೊರಬರುತ್ತದೆ, ಆಮೇಲೆ ಮರಿಗಳು ಒಂದೊಂದಾಗಿ ಉದುರುತ್ತವೆ. ಬಲೆ ಮಾತ್ರ ಬಳಸಬೇಡಿ. ಗಂಡಿನ ಕೆನ್ನೆಯ ಮುಳ್ಳು ಬಲೆಯಲ್ಲಿ ಸಿಕ್ಕಿಕೊಂಡರೆ ಎಳೆದಷ್ಟೂ ಹರಡಿಕೊಳ್ಳುತ್ತದೆ. ಸಿಕ್ಕಿಕೊಂಡೇ ಬಿಟ್ಟರೆ ಬಲೆಯನ್ನು ಕತ್ತರಿಯಿಂದ ಕತ್ತರಿಸಬೇಕು, ಮೀನನ್ನು ಎಳೆಯಬಾರದು. ಗಾಜಿಗೆ ಅಂಟಿದ ಮರಿಯನ್ನು ಮೆತ್ತನೆಯ ಬ್ರಷ್‌ನಿಂದ ಲೋಟಕ್ಕೆ ಸವರಿಕೊಳ್ಳಬಹುದು.

ಮೊದಲ ಆರು ವಾರ

ಹಳದಿ ಪೂರ್ತಿ ಕರಗುವ ದಿನವೇ ಆಹಾರ ಪೆಟ್ಟಿಗೆಯಲ್ಲಿ ಇರಬೇಕು. ಒಂದು ದಿನ ತಡವಾದರೆ ಮರಿ ತಾಳಿಕೊಳ್ಳುತ್ತದೆ, ಮೂರು ದಿನವಾದರೆ ಆಮೇಲೆ ಎಷ್ಟು ಹಾಕಿದರೂ ಚೇತರಿಸಿಕೊಳ್ಳುವುದಿಲ್ಲ. ನಮ್ಮ ಕೈಯಲ್ಲಿ ಅತಿ ಹೆಚ್ಚು ಮರಿ ಉಳಿಸಿದ್ದು ಪಾಚಿಗಲ್ಲು. ಇದರ ವಿಧಾನ ಸರಳ. ಅಂಗೈಯಗಲದ ನುಣುಪು ಕಲ್ಲುಗಳನ್ನು ಹತ್ತು ಹನ್ನೆರಡು ಆರಿಸಿ, ತೊಟ್ಟಿಯಿಂದ ತೆಗೆದ ಹಳೆಯ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿ ಬಿಸಿಲಿಗಿಡಬೇಕು. ವಾರದೊಳಗೆ ಅವುಗಳ ಮೇಲೆ ಹಸಿರು ಪೊರೆ ಕಟ್ಟುತ್ತದೆ. ದಿನಕ್ಕೆ ಎರಡು ಕಲ್ಲು ಪೆಟ್ಟಿಗೆಗೆ, ಕೆರೆದು ಬೋಳಾದ ಎರಡು ಮತ್ತೆ ಬಕೆಟ್ಟಿಗೆ. ಪಾಚಿಗೆ ಜೀವವಿದೆ, ಅದು ಕೊಳೆಯುವುದಿಲ್ಲ. ಮರಿಯ ಹೊಟ್ಟೆ ತುಂಬಬೇಕು, ನೀರು ಕೆಡಬಾರದು ಎಂಬ ಎರಡೂ ಬೇಡಿಕೆಯನ್ನು ಒಟ್ಟಿಗೆ ತೀರಿಸುವ ಆಹಾರ ಇದೊಂದೇ. ಗೊಂಚಲು ಕಂಡ ದಿನವೇ ಕಲ್ಲುಗಳನ್ನು ಬಿಸಿಲಿಗಿಟ್ಟರೆ ಮರಿ ಹೊರಬರುವ ಹೊತ್ತಿಗೆ ಸರಿಯಾಗಿ ಸಿದ್ಧವಾಗುತ್ತವೆ. ಬಕೆಟ್ಟಿನಲ್ಲಿ ಸೊಳ್ಳೆ ಮೊಟ್ಟೆಯಿಡದಂತೆ ಮೇಲೆ ತೆಳುಬಟ್ಟೆ ಕಟ್ಟಿಡಿ.

ಕಲ್ಲು ಸಾಲದ ದಿನಗಳಿಗೆ ಜೆಲ್ ಆಹಾರ. ಬೇಯಿಸಿದ ಹಸಿ ಬಟಾಣಿ 100 ಗ್ರಾಂ, ಪಾಲಕ್ 50 ಗ್ರಾಂ, ಪುಡಿಮಾಡಿದ ಮೀನಿನ ಆಹಾರ 30 ಗ್ರಾಂ, ಸ್ಪಿರುಲಿನಾ ಪುಡಿ 20 ಗ್ರಾಂ. ಇವನ್ನು 100 ಮಿ.ಲೀ. ನೀರಿನೊಂದಿಗೆ ನುಣ್ಣಗೆ ರುಬ್ಬಿಕೊಳ್ಳಿ. ಇನ್ನೊಂದು 200 ಮಿ.ಲೀ. ನೀರಿನಲ್ಲಿ 7 ಗ್ರಾಂ ಅಗರ್ ಅಗರ್ (ಗಟ್ಟಿಗೊಳಿಸುವ ಕಡಲಪಾಚಿಯ ಪುಡಿ) ಕುದಿಸಿ, ಒಲೆಯಿಂದ ಇಳಿಸಿ ಎರಡು ನಿಮಿಷ ಬಿಟ್ಟು ರುಬ್ಬಿದ್ದನ್ನು ಬೆರೆಸಿ. ತಟ್ಟೆಗೆ ಅರ್ಧ ಸೆಂ.ಮೀ. ದಪ್ಪಕ್ಕೆ ಸುರಿದು, ಗಟ್ಟಿಯಾದ ಮೇಲೆ ಉಗುರಗಲದ ಚೂರುಗಳಾಗಿ ಕತ್ತರಿಸಿ ಫ್ರೀಜರಿನಲ್ಲಿಡಿ. ಅಗರ್ ಕಡಿಮೆಯಾದರೆ ಚೂರು ನೀರಿನಲ್ಲಿ ಕದಡಿ ಮೋಡ ಕವಿಯುತ್ತದೆ, ಹೆಚ್ಚಾದರೆ ಮರಿಯ ಪುಟ್ಟ ಹಲ್ಲಿಗೆ ಬಗ್ಗುವುದಿಲ್ಲ. ಬೆರಳಿನಿಂದ ಒತ್ತಿದರೆ ಗುರುತು ಮೂಡುವ ಹದ ಸರಿ. ಐವತ್ತು ಮರಿಗೆ ಸಲಕ್ಕೆ ನಾಲ್ಕು ಚೂರು, ಪೆಟ್ಟಿಗೆಯ ನಾಲ್ಕು ಮೂಲೆಗೂ ಒಂದೊಂದು, ದಿನಕ್ಕೆ ಮೂರು ಸಲ. ಹೊಸದು ಹಾಕುವ ಮೊದಲು ಹಳೆಯದನ್ನೂ ಹಿಕ್ಕೆಯನ್ನೂ ಪಿಪೆಟ್ಟಿನಿಂದ ಹೀರಿ ತೆಗೆಯಬೇಕು. ರಾತ್ರಿಗೆ ಬೇಯಿಸಿದ ಜುಕಿನಿಯ ಒಂದು ಬಿಲ್ಲೆ, ಬೆಳಗ್ಗೆ ಎದ್ದ ಕೂಡಲೆ ಅದು ಹೊರಗೆ. ದೊಡ್ಡ ತೊಟ್ಟಿಯ ನೀರನ್ನು ಈ ಅವಧಿಯಲ್ಲಿ ದಿನಕ್ಕೆ 20 ಭಾಗ ಬದಲಿಸಿ, ಹೊಸ ನೀರಿನ ಉಷ್ಣತೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಗಬಾರದು. ಹೆತ್ತವರಿಗೆ ಹಿತವಾದ ತಂಪು ನೀರು ಮರಿಗೆ ಆಗದು.

ಮರಿ ಹೇಗಿದೆ ಎಂದು ತಿಳಿಯಲು ಹೊಟ್ಟೆಯೇ ಕನ್ನಡಿ. ಪೆಟ್ಟಿಗೆಯ ಗೋಡೆಗೆ ಅಂಟಿಕೊಂಡಾಗ ದಿನವೂ ನೋಡಿ. ದುಂಡಗೆ, ಹಸಿರು ಇಲ್ಲವೇ ಕಂದು ಬಣ್ಣದ ಹೊಟ್ಟೆ ಸರಿ. ಚಪ್ಪಟೆಯಾಗಿ ಬಿಳಿಚಿಕೊಂಡಿದ್ದರೆ ಹಸಿವು, ಆ ಮೂಲೆಗೆ ಆಹಾರ ತಲುಪುತ್ತಿಲ್ಲ. ನೀರು ತುಂಬಿದಂತೆ ಪಾರದರ್ಶಕವಾಗಿ ಉಬ್ಬಿದ್ದರೆ ಕೊಳೆತದ್ದು ತಿಂದಿದೆ ಅಥವಾ ಪ್ರೋಟೀನ್ ಹೆಚ್ಚಾಗಿದೆ. ಆಗ ಒಂದು ದಿನ ಜೆಲ್ ನಿಲ್ಲಿಸಿ, ಬರೀ ಪಾಚಿಗಲ್ಲು ಇಟ್ಟು, ಪೆಟ್ಟಿಗೆಯ ತಳವನ್ನು ಪೂರ್ತಿ ಒರೆಸಿ ತೆಗೆಯಿರಿ. ಪೆಟ್ಟಿಗೆಯ ನೆಲ ಮುಟ್ಟಿದರೆ ಲೋಳೆಲೋಳೆ ಅನ್ನಿಸಿದರೂ ಇದೇ ಕೆಲಸ.

ಮೂರನೆಯ ವಾರ ಮುಗಿದಾಗ ಮರಿಗಳು ಒಂದೂವರೆ ಸೆಂ.ಮೀ. ಇರುತ್ತವೆ, ಆಗ 60 ಲೀಟರಿನ ಬೆಳೆಸುವ ತೊಟ್ಟಿಗೆ ಬಿಡಬೇಕು. ಮೂರರಿಂದ ಐದನೆಯ ವಾರದ ನಡುವೆ ಸಾಲುಸಾಲಾಗಿ ಸಾಯುವುದು ಈ ತೊಟ್ಟಿ ಹೊಸದಾಗಿದ್ದರೆ. ಮರಿಯ ಹಸಿವು ದಿನದಿಂದ ದಿನಕ್ಕೆ ಏರುತ್ತದೆ, ಆಹಾರವೂ ಹಿಕ್ಕೆಯೂ ಏರುತ್ತದೆ, ಹೊಸ ಸ್ಪಂಜ್‌ನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅಷ್ಟು ಬೇಗ ಬೆಳೆಯುವುದಿಲ್ಲ. ನೀರು ಕಣ್ಣಿಗೆ ತಿಳಿಯಾಗಿಯೇ ಇರುತ್ತದೆ, ಅದನ್ನು ನಂಬಿ ಮೋಸಹೋಗುವುದೇ ಇಲ್ಲಿ. ಪಿಎಚ್ 7.5 ದಾಟಿದ ನೀರಿನಲ್ಲಿ ಸ್ವಲ್ಪ ಅಮೋನಿಯಾ ಕೂಡ ಹೆಚ್ಚು ವಿಷ. ಆದ್ದರಿಂದ ಕನಿಷ್ಠ ಆರು ವಾರ ಹಿರಿಯರ ತೊಟ್ಟಿಯಲ್ಲಿ ಓಡಿದ ಸ್ಪಂಜನ್ನೇ ಇಲ್ಲಿಗೆ ತಂದಿಡಬೇಕು, ಮೊದಲ ಎರಡು ವಾರ ದಿನಕ್ಕೊಮ್ಮೆ ಅಮೋನಿಯಾ ಪರೀಕ್ಷಿಸಬೇಕು. ಸೊನ್ನೆಗಿಂತ ಮೇಲೆ ಏನು ಕಂಡರೂ ಆ ದಿನವೇ 40 ಭಾಗ ನೀರು ಬದಲಿಸಿ ಆಹಾರ ಅರ್ಧಕ್ಕಿಳಿಸಿ. ತೊಟ್ಟಿಯ ನೆಲ ಬರಿದಾಗಿರಲಿ. ತಾಮ್ರ ಇರುವ ಔಷಧಿ ಈ ತೊಟ್ಟಿಯ ಹತ್ತಿರವೂ ಬರಬಾರದು.

2.5 ಸೆಂ.ಮೀ.ವರೆಗೆ ಲೀಟರಿಗೊಂದು ಮರಿ, ಆಮೇಲೆ ಎರಡು ಲೀಟರಿಗೊಂದು. ಇಕ್ಕಟ್ಟಾದರೆ ಸಾಯದಿದ್ದರೂ ಬೆಳವಣಿಗೆ ನಿಲ್ಲುತ್ತದೆ. ಎರಡು ತಿಂಗಳಿಗೆ 2.5, ಮೂರೂವರೆ ತಿಂಗಳಿಗೆ 4 ಸೆಂ.ಮೀ. ಆದರೆ ಬೆಳವಣಿಗೆ ಚೆನ್ನಾಗಿದೆ. ಎರಡು ಇಂಚು ಮುಟ್ಟಲು ಐದು ತಿಂಗಳು ಬೇಕು.

ಬಣ್ಣದ ಮಾತು

ಆಲ್ಬಿನೊ, ಅಂದರೆ ಮೈಯಲ್ಲಿ ಕಪ್ಪು ಬಣ್ಣವೇ ಇಲ್ಲದ ಗುಣ, ಅಡಗಿ ಬರುವಂಥದ್ದು. ಎರಡೂ ಆಲ್ಬಿನೊ ಆದರೆ ಮರಿಗಳೆಲ್ಲ ಆಲ್ಬಿನೊ. ಅಪ್ಪಟ ಕಂದು ಮೀನಿನೊಂದಿಗೆ ಕೂಡಿದರೆ ಮರಿಗಳೆಲ್ಲ ಕಂದು, ಆದರೆ ಪ್ರತಿಯೊಂದರಲ್ಲೂ ಆ ಗುಣ ಅಡಗಿರುತ್ತದೆ. ಕಂದು ಜೋಡಿಯೊಂದು ಕಾಲು ಭಾಗ ಆಲ್ಬಿನೊ ಮರಿ ಕೊಟ್ಟರೆ ಕಾರಣ ಇದೇ. ಉದ್ದ ರೆಕ್ಕೆ ಇದಕ್ಕೆ ವಿರುದ್ಧ, ಹೆತ್ತವರಲ್ಲಿ ಒಂದಕ್ಕೆ ಇದ್ದರೂ ಮರಿಗಳಲ್ಲಿ ಅರ್ಧದಷ್ಟಕ್ಕೆ ಬರುತ್ತದೆ. ಬೇರೆ ಬೇರೆ ಜಾತಿಯ ಆನ್ಸಿಸ್ಟ್ರಸ್‌ಗಳನ್ನು ಒಂದೇ ತೊಟ್ಟಿಯಲ್ಲಿ ಇಡಬೇಡಿ, ಅವು ಕೂಡುತ್ತವೆ, ಆಮೇಲೆ ಆ ಮರಿ ಏನೆಂದು ಯಾರೂ ಹೇಳಲಾರರು. ಇನ್ನೂ ಹೆಸರಿಡದ ಪ್ಲೆಕೊಗಳನ್ನು ಗುರುತಿಸಲೆಂದೇ ಜರ್ಮನಿಯ ಡಾಟ್ಸ್ ಪತ್ರಿಕೆ 1988ರಲ್ಲಿ ಎಲ್ ಸಂಖ್ಯೆಗಳನ್ನು ಕೊಡಲು ಶುರುಮಾಡಿತು. ಅಂಥ ಸಂಖ್ಯೆಯಿರುವ ಮೀನು ಕೈಗೆ ಬಂದರೆ ಅದನ್ನು ಅದರ ಜಾತಿಯೊಂದಿಗೇ ಉಳಿಸಿಕೊಳ್ಳುವುದು ಸಾಕುವವರ ಹೊಣೆ. ರೆಕ್ಕೆಯಿಲ್ಲದೆ, ಬೆನ್ನು ಸೊಟ್ಟಗಾಗಿ ಹುಟ್ಟಿದ ಮರಿ ಚೆನ್ನಾಗಿಯೇ ಬದುಕಬಹುದು, ಅದರಿಂದ ಮುಂದೆ ಮರಿ ಮಾಡಿಸಬಾರದು.

ಒಮ್ಮೆ ಹಿಡಿತ ಸಿಕ್ಕ ಗಂಡು ನಾಲ್ಕರಿಂದ ಆರು ವಾರಕ್ಕೊಮ್ಮೆ ಗೊಂಚಲು ಕಾಯುತ್ತಲೇ ಇರುತ್ತದೆ. ಬೆಳೆಸಲು ಜಾಗವಿಲ್ಲವೆಂದರೆ ಗುಹೆಗಳನ್ನು ಹೊರತೆಗೆಯಿರಿ, ಮೂರು ಗೊಂಚಲಿಗೊಮ್ಮೆ ಹೇಗೂ ಗಂಡಿಗೆ ಎರಡು ತಿಂಗಳು ವಿರಾಮ ಬೇಕು, ಉಪವಾಸದಿಂದ ಅದು ಸೊರಗಿರುತ್ತದೆ. ಹೆಚ್ಚಾದ ಮರಿಗಳನ್ನು ಕೆರೆಗೋ ಹೊಳೆಗೋ ಬಿಡುವುದು ಖಂಡಿತ ಬೇಡ. ಟೆರಿಗೊಪ್ಲಿಕ್ತಿಸ್ ಹೀಗೆಯೇ ಏಷ್ಯಾ ಮತ್ತು ಉತ್ತರ ಅಮೆರಿಕದ ಹಲವು ನೀರಿನೆಲೆಗಳನ್ನು ಸೇರಿ, ದಡ ಕೊರೆದು, ಅಲ್ಲಿನ ಮೀನುಗಳಿಗೆ ಕಂಟಕವಾಗಿದೆ.

ಮರಿ ಬೇರೆಯವರ ಮನೆಗೆ ಹೋಗುವುದು 4 ಸೆಂ.ಮೀ. ದಾಟಿದ ಮೇಲೆ. ಹಿಂದಿನ ದಿನ ಆಹಾರ ನಿಲ್ಲಿಸಿ, ಇಲ್ಲದಿದ್ದರೆ ಚೀಲದ ಅಷ್ಟು ನೀರು ಎರಡು ಗಂಟೆಯಲ್ಲಿ ಹಿಕ್ಕೆಯಿಂದ ಕಲಕಿಹೋಗುತ್ತದೆ. ರೆಕ್ಕೆಯ ಮೊದಲ ಕಡ್ಡಿ ಗಟ್ಟಿ ಮುಳ್ಳು, ಒಂದೇ ಪದರದ ಪ್ಲಾಸ್ಟಿಕ್ಕನ್ನು ತೂತು ಮಾಡುತ್ತದೆ. ಎರಡು ಚೀಲ ಒಂದರೊಳಗೊಂದು, ನಡುವೆ ಒಂದು ಪದರ ಕಾಗದ. ಚೀಲದ ಎರಡೂ ಮೂಲೆಗಳನ್ನು ಮಡಿಸಿ ಟೇಪ್ ಅಂಟಿಸಿದರೆ ಮರಿ ಆ ಚೂಪಿನಲ್ಲಿ ಹೊಕ್ಕು ನಲುಗುವುದಿಲ್ಲ. ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಜೊತೆಗೆ ಜೆಲ್ ಆಹಾರದ ಹತ್ತು ಚೂರುಗಳನ್ನೂ ಒಂದು ಪಾಚಿಗಲ್ಲನ್ನೂ ಕಳಿಸುತ್ತೇವೆ. ಹೊಸ ತೊಟ್ಟಿಯಲ್ಲಿ ಮೊದಲ ವಾರ ಮರಿ ಅದನ್ನೇ ತಿನ್ನುತ್ತದೆ.